ಪ್ರಯೋಗಾಲಯದವರಿಗೆ ಸಿಡುಬಿನ ಲಸಿಕೆ: ಚುಚ್ಚುವುದು ಸುಲಭ, ಆಮೇಲಿನದೇ ಕೆಲಸ

ಸಿಡುಬು 1980ರಲ್ಲೇ ನಿರ್ಮೂಲವಾದರೂ ಅದರ ವೈರಸ್ ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೋಲ್ಟ್ಸೊವೊ ಪ್ರಯೋಗಾಲಯಗಳಲ್ಲಿ ಇನ್ನೂ ಇದೆ. ಅದರ ಜೊತೆಗೋ ಅದೇ ಕುಲದ ವೈರಸ್‌ಗಳ ಜೊತೆಗೋ ಕೆಲಸ ಮಾಡುವವರಿಗೆ ಅಮೆರಿಕದಲ್ಲಿ ಎರಡು ಲಸಿಕೆಗಳಿವೆ. ಜಿನಿಯೋಸ್ ಸರಳ: 28 ದಿನಗಳ ಅಂತರದಲ್ಲಿ ಎರಡು ಡೋಸ್, ತಲಾ 0.5 ಮಿಲಿಲೀಟರ್, ಚರ್ಮದಡಿಗೆ; ಗಾಯವಾಗುವುದಿಲ್ಲ. ಕೈಚಳಕ ಬೇಕಾಗಿರುವುದು ಎಕ್ಯಾಮ್ 2000ಕ್ಕೆ. ಅದರಲ್ಲಿರುವುದು ಜೀವಂತ ವ್ಯಾಕ್ಸಿನಿಯಾ, ಅಂದರೆ ಸಿಡುಬಿನ ಕುಲದ್ದೇ ಆದ ಇನ್ನೊಂದು ವೈರಸ್.

ಮೊದಲು ತಪಾಸಣೆ. ಇಸುಬು (ಈಗ ವಾಸಿಯಾಗಿದ್ದರೂ), ಹೃದ್ರೋಗ, ಕುಗ್ಗಿದ ರೋಗನಿರೋಧಕ ಶಕ್ತಿ, ಗರ್ಭ ಇದ್ದರೆ ಎಕ್ಯಾಮ್ ಬೇಡ. ಮನೆಯವರನ್ನೂ ವಿಚಾರಿಸಿ, ಗಾಯದಿಂದ ವೈರಸ್ ಅವರಿಗೂ ಹರಡಬಹುದು.

ಜಾಗ ತೋಳಿನ ಮೇಲ್ಭಾಗ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಲಿ, ಹಸಿಯಿದ್ದರೆ ಲಸಿಕೆಯ ವೈರಸ್ಸೇ ಸಾಯುತ್ತದೆ. ಕವಲು ಸೂಜಿಯನ್ನು (ತುದಿ ಎರಡಾಗಿ ಸೀಳಿದ ಸೂಜಿ) ಒಮ್ಮೆ ಮಾತ್ರ ಸೀಸೆಯಲ್ಲಿ ಅದ್ದಿ; ಚರ್ಮಕ್ಕೆ ತಾಗಿದ ಸೂಜಿ ಮತ್ತೆ ಒಳಗೆ ಹೋಗಕೂಡದು. ಕವಲಿನ ನಡುವೆ ನಿಂತ ಹನಿಯನ್ನು ಚರ್ಮಕ್ಕಿಟ್ಟು, ಸೂಜಿಯನ್ನು ನೆಟ್ಟಗೆ ಹಿಡಿದು, ಸುಮಾರು 5 ಮಿಲಿಮೀಟರ್ ವೃತ್ತದೊಳಗೆ ಚಕಚಕನೆ 15 ಸಲ ಚುಚ್ಚಿ. 15-20 ಸೆಕೆಂಡಿನಲ್ಲಿ ರಕ್ತದ ಸಣ್ಣ ಚುಕ್ಕೆ ಕಾಣಬೇಕು. ಕಾಣದಿದ್ದರೆ ಚುಚ್ಚಿದ್ದು ತೀರಾ ಹಗುರವಾಗಿದೆ ಎಂದರ್ಥ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಗಾಯದ ಮೇಲೆ ಸಡಿಲವಾಗಿ ಗಾಜ್ ಬಟ್ಟೆ ಮುಚ್ಚಿ, ಅದರ ಮೇಲೆ ತೋಳಂಗಿ. ಆಸ್ಪತ್ರೆ ಸಿಬ್ಬಂದಿ ಆ ಬಟ್ಟೆಯ ಮೇಲೆ ಗಾಳಿಯಾಡುವ ಪಾರದರ್ಶಕ ಪಟ್ಟಿಯನ್ನೂ ಅಂಟಿಸಲಿ. ಮುಲಾಮು ಬೇಡ. ಒಂದರಿಂದ ಮೂರು ದಿನಕ್ಕೊಮ್ಮೆ, ಒದ್ದೆಯಾದರೆ ಕೂಡಲೇ ಪಟ್ಟಿ ಬದಲಿಸಿ, ಸೋಪಿನಲ್ಲಿ ಕೈ ತೊಳೆಯಿರಿ. ತುರಿಸಿದ ಕೈಯಲ್ಲಿ ಕಣ್ಣುಜ್ಜಿದರೆ ಸೋಂಕು ಕಣ್ಣಿಗೇ ಹತ್ತಬಹುದು.

6ರಿಂದ 8ನೇ ದಿನದೊಳಗೆ ತೋರಿಸಲೇಬೇಕು. ಮೊದಲ ಸಲದವರಲ್ಲಿ ಕೀವು ತುಂಬಿದ ಬೊಕ್ಕೆ ಎದ್ದಿದ್ದರೆ ಲಸಿಕೆ ಹಿಡಿದಿದೆ. ಬರೀ ಕೆಂಪಿದ್ದರೆ ಹಿಡಿದಿಲ್ಲ, ಮತ್ತೆ ಹಾಕಬೇಕು. ಹಕ್ಕಳೆ ಉದುರಲು ಎರಡು-ಮೂರು ವಾರ ಬೇಕು. ಅಲ್ಲಿಯವರೆಗೆ ಗಾಯ ಸಾಂಕ್ರಾಮಿಕವೇ. ಎದೆನೋವು, ಏದುಸಿರು ಬಂದರೆ ಕಾಯದೆ ವೈದ್ಯರ ಬಳಿ ಹೋಗಿ: ಈ ಲಸಿಕೆಯಿಂದ ಹೃದಯದ ಉರಿಯೂತವಾಗುವುದುಂಟು.

ರೋಗವೇ ಮರಳಿ ಬಂದರೆ ಲೆಕ್ಕ ಬದಲಾಗುತ್ತದೆ. ಸಂಪರ್ಕವಾದ ಮೂರು ದಿನದೊಳಗೆ ಲಸಿಕೆ ಬಿದ್ದರೆ ರೋಗ ತಪ್ಪುವ ಸಾಧ್ಯತೆ ಹೆಚ್ಚು. ನಾಲ್ಕರಿಂದ ಏಳನೇ ದಿನದೊಳಗೆ ಹಾಕಿದರೆ ತೀವ್ರತೆಯಾದರೂ ತಗ್ಗಬಹುದು. ರೋಗಿಯ ಸಂಪರ್ಕಕ್ಕೆ ಬಂದವರಿಗೂ ಅವರ ಮನೆಯವರಿಗೂ ಮೊದಲು ಹಾಕಬೇಕು. ಆ ಹೊತ್ತಿಗೆ ಸೂಜಿ ಹಿಡಿಯಲು ಕಲಿಸುತ್ತ ಕೂರಲಾಗದು. ಲಸಿಕೆ ಹಾಕುವವರ ಪಟ್ಟಿಯನ್ನೂ ಅವರ ತರಬೇತಿಯನ್ನೂ ಇಂದೇ ಮುಗಿಸಿಡಿ.