ಮೆಟ್ಟಿಲ ಕೆಳಗಿನ ಬೆಂಕಿ: ಕಾರವಾರದಲ್ಲಿ ಮನೆ ಬಾಡಿಗೆಗೆ ಕೊಡೋಳ ಅನುಭವ

ಕಾಜುಬಾಗದಲ್ಲಿ ನಮ್ಮದೊಂದು ಬಿಲ್ಡಿಂಗ್ ಇದೆ, ನೆಲಮಹಡಿ ಮತ್ತೆ ಮೇಲೆ ಮೂರು, ಒಟ್ಟು ಎಂಟು ಮನೆ. ಕೆಳಗಿನ ಒಂದರಲ್ಲಿ ನಾನಿರ್ತೀನಿ. ಯಜಮಾನ್ರು ಹೋದ್ಮೇಲೆ ಬಾಡಿಗೆ, ರಿಪೇರಿ ಎಲ್ಲ ನಂದೇ. ಶಾಲೇಲಿ ಮೂವತ್ತು ವರ್ಷ ಕಲಿಸಿದ್ದಕ್ಕೆ ಬಾಡಿಗೆಯವ್ರೆಲ್ಲ ಅಕ್ಕೋರೇ ಅಂತಾನೇ ಕರೀತಾರೆ. ನೇವಿಯವ್ರು, ಕೈಗಾದವ್ರು, ಬ್ಯಾಂಕಿನವ್ರು, ಎರಡು ಮೂರು ವರ್ಷ ಇದ್ದು ಟ್ರಾನ್ಸ್‌ಫರ್ ಆಗಿ ಹೋಗೋ ಜನ.

ಎರಡು ವರ್ಷದ ಹಿಂದೆ ಜುಲೈನಲ್ಲಿ, ಬಿಡದೆ ಮಳೆ ಹೊಡೀತಿದ್ದ ವಾರ, ರಾತ್ರಿ ಹನ್ನೊಂದರ ಹೊತ್ತಿಗೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಲ್ಲಿ ಚಟಚಟ ಅಂತು. ಗೋಡೆಯಲ್ಲಿ ನೀರು ಇಳಿದು ಬೋರ್ಡ್ ಒಳಗೆ ಹೋಗಿತ್ತು. ಬರೀ ಬೋರ್ಡ್ ಅಷ್ಟೇ ಸುಟ್ಟಿದ್ರೆ ಇಷ್ಟು ಬರೀತಿರ್ಲಿಲ್ಲ. ಅದರ ಬುಡದಲ್ಲಿ ಬಿಟ್ಟುಹೋದವ್ರ ಹಳೇ ಹಾಸಿಗೆ, ಟಿವಿ ರಟ್ಟಿನ ಡಬ್ಬ, ನಾನೇ ಇಟ್ಟ ತೆಂಗಿನ ಸಿಪ್ಪೆ ಎರಡು ಚೀಲ ಇತ್ತು, ಅದಕ್ಕೆ ಕಿಡಿ ಬಿತ್ತು. ಬೆಂಕಿ ಮೊಣಕಾಲೆತ್ತರ ಅಷ್ಟೇ, ಆದ್ರೆ ಕಪ್ಪು ಹೊಗೆ ಮೆಟ್ಟಿಲನ್ನೇ ಚಿಮಣಿ ಮಾಡ್ಕೊಂಡು ಎರಡೇ ನಿಮಿಷಕ್ಕೆ ಮೇಲಿನ ಮಹಡಿ ಮುಟ್ಟಿತು.

ಗೋಡೆಗೆ ಬೆಂಕಿ ಆರಿಸೋ ಒಂದು ಎಬಿಸಿ ಪೌಡರ್ ಸಿಲಿಂಡರ್ ನೇತಾಡ್ತಿತ್ತು, ಐದು ವರ್ಷದ ಹಿಂದೆ ತಂದಿದ್ದು. ಪಕ್ಕದ ಮನೆಯ ನೇವಿ ಹುಡುಗ ಓಡಿ ಬಂದು ಅದನ್ನ ಎತ್ಕೊಂಡ, ಪಿನ್ ಎಳೆದ, ಬರ್ಲಿಲ್ಲ. ಸಮುದ್ರದ ಗಾಳಿಗೆ ತುಕ್ಕು ಹಿಡಿದು ಪಿನ್ನು ಹಿಡಿಕೆಗೇ ಅಂಟ್ಕೊಂಡಿತ್ತು. ಕಟಿಂಗ್ ಪ್ಲೇಯರ್ ಹಾಕಿ ತಿರುಚಿ ತೆಗೆದಾಗ ಒಳಗೆ ಪ್ರೆಷರ್ರೇ ಇಲ್ಲ, ಒಂದು ಹಿಡಿ ಪುಡಿ ಸುರೀತು ಅಷ್ಟೇ. ನಾನು ಬಕೆಟ್ ನೀರು ಹಿಡ್ಕೊಂಡು ಬಂದಿದ್ದೆ, ಅವನು ನನ್ನ ಕೈ ಹಿಡಿದು ನಿಲ್ಲಿಸಿದ, ಕರೆಂಟ್ ಇನ್ನೂ ಹೋಗಿಲ್ಲ ಅಂತ. ಆಮೇಲೆ ಪಕ್ಕದ ಸೈಟಲ್ಲಿ ಕಟ್ಟಡಕ್ಕೆ ಹಾಕಿದ್ದ ಮರಳನ್ನ ಸಲಿಕೇಲಿ ತಂದು ಎರಚಿದ್ರು, ಅಷ್ಟರಲ್ಲಿ 101ಕ್ಕೆ ಫೋನ್ ಮಾಡಿದ್ದಕ್ಕೆ ಗಾಡಿ ಬಂತು, ಲೈನ್‌ಮನ್ ಕಂಬದಲ್ಲೇ ಲೈನ್ ಕಟ್ ಮಾಡಿದ.

ನಂಗೆ ಇವತ್ತಿಗೂ ನಿದ್ದೆ ಕೆಡಿಸೋದು ಬೆಂಕಿ ಅಲ್ಲ, ಮೇಲಿನ ಮಹಡಿ. ಅಲ್ಲಿ ಕೈಗಾದವ್ರ ಮನೆ, ಅವ್ರು ನೈಟ್ ಶಿಫ್ಟಲ್ಲಿ, ಹೆಂಡ್ತಿ, ಎರಡು ಮಕ್ಕಳು, ವಯಸ್ಸಾದ ಅತ್ತೆ. ಆಕೆ ಮಗೂನ ಎತ್ಕೊಂಡು ಅರ್ಧ ಮಹಡಿ ಇಳಿದು ಉಸಿರು ಕಟ್ಟಿ ವಾಪಸ್ ಹೋದ್ಲಂತೆ, ಟೆರೇಸಿಗೆ ಹೋಗೋಣ ಅಂದ್ರೆ ಬೀಗ, ಬೀಗದ ಕೈ ನಮ್ಮ ಅಡುಗೆಮನೆ ಮೊಳೆಯಲ್ಲಿ. ನೇವಿ ಹುಡುಗ ರಸ್ತೆಯಿಂದ ಕೂಗಿ ಹೇಳಿದ, ಒಳಗೆ ಹೋಗಿ ಬಾಗಿಲು ಹಾಕಿ, ಒದ್ದೆ ಟವೆಲ್ ಬಾಗಿಲ ಸಂದಿಗೆ ತುರುಕಿ, ಬಾಲ್ಕನಿಗೆ ಬಂದು ನಿಂತ್ಕೊಳ್ಳಿ ಅಂತ. ಹಾಗೆ ಮಾಡಿದ್ದಕ್ಕೆ ನಾಲ್ಕೂ ಜನ ಉಳ್ಕೊಂಡ್ರು. 2010ರ ಫೆಬ್ರವರಿ 23ಕ್ಕೆ ಬೆಂಗಳೂರಿನ ಕಾರ್ಲ್‌ಟನ್ ಟವರ್ಸಲ್ಲಿ 9 ಜನ ಸತ್ತಾಗ ಟಿವೀಲಿ ನೋಡಿದ್ದೆ, ಹೊಗೆ ತಡೀಲಾರದೆ ಮೇಲಿಂದ ಹಾರಿದ್ರು, ಅಯ್ಯೋ ಅಂದು ಚಾನೆಲ್ ಬದಲಿಸಿದ್ದೆ. ನನ್ನ ಟೆರೇಸ್ ಬೀಗ ಆಗ ನೆನಪಿಗೆ ಬರ್ಲಿಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಮೇಲ್ಪಟ್ಟ ಕಟ್ಟಡಾನ ಹೈರೈಸ್ ಅನ್ನುತ್ತೆ, ನಮ್ಮದು ಅದಕ್ಕಿಂತ ಗಿಡ್ಡ, ಹಾಗಾಗಿ ನಮಗೇನು ರೂಲ್ಸು ಅಂತ ಸುಮ್ನಿದ್ದೆ. ಹೊಗೆಗೆ ಮೀಟರ್ ಲೆಕ್ಕ ಇಲ್ಲ ಅಂತ ಆ ರಾತ್ರಿ ಗೊತ್ತಾಯ್ತು.

ಮಾರನೇ ದಿನವೇ ಟೆರೇಸ್ ಬಾಗಿಲ ಬೀಗ ಕಿತ್ತು ಒಳಗಿಂದ ತೆಗೆಯೋ ಚಿಲಕ ಹಾಕಿಸ್ದೆ, ಮಗು ಕೂಡ ತೆಗೀಬೇಕು ಹಾಗೆ. ಕಳ್ಳರು ಬಂದ್ರೆ ಅಂತ ಇಬ್ರು ಕೇಳಿದ್ರು, ನಾನು ಒಪ್ಲಿಲ್ಲ. ಮೆಟ್ಟಿಲ ಕೆಳಗಿನದ್ದೆಲ್ಲ ಖಾಲಿ. ಮೀಟರ್ ಬೋರ್ಡನ್ನ ಅರ್ಜಿ ಕೊಟ್ಟು ಹೊರಗೆ ಕಾಂಪೌಂಡ್ ಕಡೆ ಛಾವಣಿ ಹಾಕಿ ಶಿಫ್ಟ್ ಮಾಡಿಸ್ದೆ, ಅದಕ್ಕೆ ದುಡ್ಡು ಜಾಸ್ತಿ ಹೋಯ್ತು, ಆದ್ರೆ ಮಾಡಿದ್ದರಲ್ಲೆಲ್ಲ ದೊಡ್ಡ ಕೆಲಸ ಇದೇ. ಪ್ರತಿ ಮಹಡೀಲಿ ಐಎಸ್‌ಐ ಮಾರ್ಕಿನ 6 ಕೆಜಿ ಎಬಿಸಿ, ಮೀಟರ್ ಹತ್ರ 4.5 ಕೆಜಿ ಸಿಒ2, ಅಂದ್ರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರ್. ಈ ಸಿಲಿಂಡರ್ ಎಲ್ಲಾ ಸೇರಿ ಸುಮಾರು ಒಂದು ಮನೆಯ ಒಂದೂವರೆ ತಿಂಗಳ ಬಾಡಿಗೆ.

ಕರಾವಳಿಯವ್ರಿಗೆ ಇದನ್ನ ಬಿಡಿಸಿ ಹೇಳ್ತೀನಿ. ನಮ್ಮಲ್ಲಿ ಈ ಸಿಲಿಂಡರ್ ತಂದು ನೇತುಹಾಕಿ ಬಿಟ್ರೆ ಉಪ್ಪುಗಾಳಿ ತಿಂದುಬಿಡುತ್ತೆ. ತಿಂಗಳ ಒಂದನೇ ತಾರೀಕು ಬಾಡಿಗೆ ಬರೋ ದಿನ, ಅವತ್ತೇ ನಾಲ್ಕೂ ಮಹಡಿ ಹತ್ತಿ ನೋಡ್ತೀನಿ: ಪ್ರೆಷರ್ ತೋರಿಸೋ ಮುಳ್ಳು ಹಸಿರಲ್ಲಿದೆಯಾ, ಪೈಪ್ ಸೀಳಿದೆಯಾ, ಸೀಲ್ ಕೆಡದ ಹಾಗೆ ಪಿನ್ ಸ್ವಲ್ಪ ತಿರುಗುತ್ತಾ. ಪಿನ್ನಿಗೆ ಒಂದು ತೊಟ್ಟು ಗ್ರೀಸು. ಮೇಲೆ ಪ್ಲಾಸ್ಟಿಕ್ ಕವರು. ಸಿಒ2ಗೆ ಮುಳ್ಳೇ ಇರಲ್ಲ, ಅದನ್ನ ತೂಕ ಹಾಕಿಯೇ ನೋಡ್ಬೇಕು, ಒಳಗಿನ ಗ್ಯಾಸು ಹತ್ತನೇ ಒಂದು ಪಾಲು ಕಮ್ಮಿಯಾಗಿದ್ರೆ ರೀಫಿಲ್ಲಿಗೆ ಕೊಡ್ಬೇಕು.

ಆಮೇಲೆ ಬಾಡಿಗೆಯವ್ರ ವಿಷ್ಯ. 11 ತಿಂಗಳ ಅಗ್ರಿಮೆಂಟಲ್ಲಿ ಮೊದ್ಲು ನಾನು ಬರೀ "ಮಾಡಬಾರದು" ಅಂತ ಬರೆಸಿದ್ದೆ. ಮೆಟ್ಟಿಲಲ್ಲಿ ಬಟ್ಟೆ ಒಣಗಿಸಬಾರದು, ಸ್ಕೂಟರ್ ಚಾರ್ಜ್ ಮಾಡಬಾರದು, ಎಕ್ಸ್‌ಟೆನ್ಷನ್ ಬಾಕ್ಸಿಗೆ ವಾಷಿಂಗ್ ಮಷಿನ್ ಹಾಕಬಾರದು. ಎರಡನೇ ಮಹಡಿ ಬ್ಯಾಂಕಿನವ್ರು ಓದಿ ನಿಧಾನಕ್ಕೆ ಕೇಳಿದ್ರು, "ಅಕ್ಕೋರೇ, ಹಾಗಾದ್ರೆ ಎಲ್ಲಿ ಮಾಡ್ಲಿ?" ನಂಗೆ ಉತ್ತರ ಇರ್ಲಿಲ್ಲ. ಕಾರವಾರದ ಮಳೇಲಿ ಬಟ್ಟೆ ಒಣಗೋಕೆ ಜಾಗ ಕೊಡದೆ, ಸ್ಕೂಟರ್ರಿಗೆ ಪ್ಲಗ್ ಕೊಡದೆ, ಬೇಡ ಅಂದ್ರೆ ಅವ್ರು ನನ್ನ ಕಣ್ಣು ತಪ್ಪಿಸಿ ಕಿಟಕಿಯಿಂದ ವಯರ್ ಇಳಿಬಿಡ್ತಾರೆ, ಅದು ಇನ್ನೂ ಡೇಂಜರು. ಹಾಗಾಗಿ ಟೆರೇಸಿಗೆ ಅರ್ಧ ತಗಡು ಹೊದಿಸಿ ಹಗ್ಗ ಕಟ್ಟಿಸ್ದೆ, ಗೇಟ್ ಹತ್ರ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನಾಗೇ ಬೀಳೋ ಸ್ವಿಚ್ಚು) ಹಾಕಿ ಎರಡು ಚಾರ್ಜಿಂಗ್ ಪಾಯಿಂಟ್, ಎಲ್ಲರ ಮನೆಗೂ ಒಂದೊಂದು 16 ಆಂಪಿಯರ್ ಪಾಯಿಂಟ್ ಜಾಸ್ತಿ. ಆಮೇಲೆ ಅದೇ ಸಾಲುಗಳನ್ನ ಬರೆಸಿದಾಗ ಒಬ್ರೂ ತಕರಾರು ತೆಗೀಲಿಲ್ಲ.

ಮನೆಗಳಿಗೆ ಆರ್‌ಸಿಸಿಬಿ ಅನ್ನೋ ಸೇಫ್ಟಿ ಸ್ವಿಚ್ಚೂ ಹಾಕಿಸ್ದೆ, ಅದರ ಬಗ್ಗೆ ಒಂದು ಮಾತು. ಎಂಸಿಬಿ ಇದೆಯಲ್ಲ ಸಾಕು ಅಂತಾರೆ, ಎರಡೂ ಬೇರೆ ಬೇರೆ. ಎಂಸಿಬಿ ಓವರ್‌ಲೋಡ್, ಶಾರ್ಟ್ ಆದ್ರೆ ಬೀಳುತ್ತೆ, 30 ಮಿಲಿಆಂಪಿಯರ್ ಆರ್‌ಸಿಸಿಬಿ ಕರೆಂಟ್ ಲೀಕ್ ಆದ್ರೆ ಬೀಳುತ್ತೆ, ಒದ್ದೆ ಗೋಡೆಗೆ ಬೇಕಾದ್ದೇ ಅದು. ಹಾಕಿಸಿದ ವರ್ಷ ಮೊದಲ ಮಳೆಗೆ ಮೂರನೇ ಮಹಡೀಲಿ ದಿನಕ್ಕೆ ನಾಲ್ಕು ಸಲ ಬೀಳೋಕೆ ಶುರುವಾಯ್ತು, ಎಲೆಕ್ಟ್ರಿಷಿಯನ್ ಬಂದವನು ಬೈಪಾಸ್ ಮಾಡಿಬಿಡ್ಲಾ ಅಂದ. ಬೇಡ ಅಂದು ಒಂದೊಂದೇ ಲೈನ್ ಬಿಚ್ಚಿ ನೋಡಿಸ್ದೆ, ಗೀಸರ್ ಪಾಯಿಂಟ್ ಹಿಂದೆ ವಯರ್ ಪೂರಾ ನೆಂದಿತ್ತು. ಆರ್‌ಸಿಸಿಬಿ ಮೇಲಿರೋ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತೋದು ಮಾತ್ರ ಬಾಡಿಗೆಯವ್ರ ಕೆಲಸ.

ಗ್ಯಾಸಿನ ಕಿತ್ತಳೆ ಪೈಪು ಐದು ವರ್ಷಕ್ಕೊಮ್ಮೆ ಬದಲಿಸೋದೂ ಅವ್ರದ್ದೇ. ಸಿಲಿಂಡರ್ ಇಳಿಸ್ಕೊಳ್ಳುವಾಗ ಕೊರಳಪಟ್ಟಿ ಮೇಲಿನ ಅಕ್ಷರ ನೋಡಿ ಅಂತೀನಿ, ಎ ಅಂದ್ರೆ ಜನವರಿಯಿಂದ ಮಾರ್ಚ್, ಡಿ ಅಂದ್ರೆ ಅಕ್ಟೋಬರ್‌ನಿಂದ ಡಿಸೆಂಬರ್, ಪಕ್ಕದಲ್ಲಿ ಇಸವಿ, ಟೆಸ್ಟಿಂಗ್ ತಾರೀಕು ದಾಟಿದ್ರೆ ವಾಪಸ್ ಕಳಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಕೂರುತ್ತೆ, ವಾಸನೆ ಬಂದ್ರೆ ಲೈಟ್ ಸ್ವಿಚ್ಚೂ ಮುಟ್ಟದೆ ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡ್ಬೇಕು.

ಚೌತಿ ಹೊತ್ತಿಗೆ ಮಾತ್ರ ನಾನೇ ಮನೆಮನೆಗೆ ಹೋಗ್ತೀನಿ. ಥರ್ಮಾಕೋಲ್ ಮಂಟಪ, ಅದಕ್ಕೆ ಸುತ್ತಿದ ಸೀರಿಯಲ್ ಸೆಟ್ಟು, ಕೆಳಗೆ ನಂದಾದೀಪ. ಹಬ್ಬದ ಮನೇಲಿ ಬೇಡ ಅನ್ನೋಕೆ ಬಾಯಿ ಬರಲ್ಲ, ದೀಪ ಒಂದು ಮೊಳ ಈಚೆ ಇಡಿ, ಮಲಗುವಾಗ ಸೀರಿಯಲ್ ಸೆಟ್ ಪ್ಲಗ್ ತೆಗೀರಿ ಅಂತ ಕೇಳ್ಕೊಳ್ತೀನಿ, ಕೇಳ್ತಾರೆ.

1944ರ ಏಪ್ರಿಲ್ 14ಕ್ಕೆ ಮುಂಬೈ ಬಂದರಲ್ಲಿ ಹಡಗು ಸ್ಫೋಟ ಆಗಿ ಬೆಂಕಿ ಆರಿಸೋಕೆ ಹೋದವ್ರೇ ತುಂಬಾ ಜನ ಸತ್ರು, ಅದರ ನೆನಪಿಗೆ ಪ್ರತಿ ವರ್ಷ ಆ ತಾರೀಕಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹ ಮಾಡ್ತಾರೆ. ಹೋದ ವರ್ಷ ಆ ವಾರದಲ್ಲಿ ಅಗ್ನಿಶಾಮಕ ಠಾಣೆಗೆ ಹೋಗಿ ಕೇಳ್ಕೊಂಡೆ, ಬಂದು ಅಂಗಳದಲ್ಲಿ ತಟ್ಟೇಲಿ ಬೆಂಕಿ ಹಚ್ಚಿ ತೋರಿಸಿದ್ರು. ಪಿನ್ ಎಳೀರಿ, ಜ್ವಾಲೆಗಲ್ಲ ಬುಡಕ್ಕೆ ಗುರಿ ಇಡಿ, ಒತ್ತಿ, ಆಚೆ ಈಚೆ ಆಡಿಸಿ. ಅರ್ಧ ನಿಮಿಷದೊಳಗೆ ಸಿಲಿಂಡರ್ ಖಾಲಿ, ಅಷ್ಟರಲ್ಲಿ ಆರದಿದ್ರೆ ಹೊರಗೆ ಓಡಿ ಅಂದ್ರು. ಮೇಲಿನ ಮಹಡಿ ಅಜ್ಜಿ, ಆ ರಾತ್ರಿ ಬಾಲ್ಕನೀಲಿ ನಿಂತಿದ್ದ ಅತ್ತೆಯವ್ರು, ನಂಗೂ ಕೊಡಿ ಅಂತ ಇಸ್ಕೊಂಡು ಸೀರೆ ಸೆರಗು ಸಿಕ್ಕಿಸ್ಕೊಂಡು ಆರಿಸಿದ್ರು.

ನೇವಿ ಹುಡುಗನಿಗೆ ಮೇ ತಿಂಗಳಲ್ಲಿ ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಆಯ್ತು. ಆ ಮನೆಗೆ ಹೊಸಬರು ಬಂದಿದಾರೆ, ಗಂಡ ಹೆಂಡ್ತಿ, ಒಂದು ಕೂಸು. ಕೀ ಕೊಡೋಕೆ ಮುಂಚೆ ಕತ್ತಲಾದ್ಮೇಲೆ ಮೆಟ್ಟಿಲ ಲೈಟ್ ಆಫ್ ಮಾಡಿ ಇಬ್ಬರನ್ನೂ ಟೆರೇಸ್ ತನಕ ಕರ್ಕೊಂಡು ಹೋದೆ, ಗೋಡೆ ಮುಟ್ಕೊಂಡು ಹತ್ತಿ ಚಿಲಕ ಎಲ್ಲಿದೆ ಅಂತ ಅವರ ಕೈಯಿಂದಲೇ ಹುಡುಕಿಸ್ದೆ.