ಒಂದು ದಿನದ ಮೂತ್ರ, ಎರಡು ಸಲ ಹಿಡಿದೆ

24 ಗಂಟೆಯ ಮೂತ್ರ ಪರೀಕ್ಷೆಯ ಮೊದಲ ರಿಪೋರ್ಟ್ ಬಂದಾಗ ಡಾಕ್ಟರ್ ಪ್ರೋಟೀನ್ ಎಷ್ಟಿದೆ ಅಂತ ನೋಡಲೇ ಇಲ್ಲ. ಕ್ರಿಯಾಟಿನಿನ್ ಮೇಲೆ ಬೆರಳಿಟ್ಟು, "ಪೂರ್ತಿ ಹಿಡಿದಿದ್ರಾ ಅಮ್ಮಾ?" ಎಂದರು.

560 ಮಿಲಿಗ್ರಾಂ ಇತ್ತು. ನನ್ನ ತೂಕ 60 ಕೆ.ಜಿ. ಹೆಂಗಸರಿಗೆ ದಿನಕ್ಕೆ ಸಾಮಾನ್ಯವಾಗಿ ಕೆ.ಜಿ.ಗೆ 15ರಿಂದ 20 ಮಿಲಿಗ್ರಾಂ ಹೋಗುತ್ತದಂತೆ. ಕಡಿಮೆ ಅಂದರೂ 900 ಬರಬೇಕಿತ್ತು. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವ ಕಸ, ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಎಲ್ಲೋ ಮೂತ್ರ ಬಿಟ್ಟುಹೋಗಿದೆ ಎಂದು ಗೊತ್ತಾಯಿತು.

ನಿಜವೇ. ಅವತ್ತು ಶಾಲೆಯಲ್ಲಿ ಎರಡು ಸಲ ಹಾಗೇ ಹೋಗಿಬಂದಿದ್ದೆ. ಲ್ಯಾಬಿನಲ್ಲಿ ಕ್ಯಾನ್ ಕೊಟ್ಟು "ನಾಳೆ ತನ್ನಿ" ಎಂದಿದ್ದರು ಅಷ್ಟೇ. ಹೇಗೆ ಹಿಡಿಯಬೇಕು ಅಂತ ಯಾರೂ ಹೇಳಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೆ.

ಎರಡನೇ ಸಲ ಭಾನುವಾರ ಶುರುಮಾಡಿದೆ. ಬೆಳಿಗ್ಗೆ 6ಕ್ಕೆ ಎದ್ದು ಮೊದಲ ಮೂತ್ರ ಚೆಲ್ಲಿದೆ. ಅದು ಹಿಂದಿನ ರಾತ್ರಿಯದು, ಲೆಕ್ಕಕ್ಕಿಲ್ಲ. ಆಮೇಲಿನದೆಲ್ಲ ಕ್ಯಾನಿಗೆ. ಸೋಮವಾರ ಬೆಳಿಗ್ಗೆ 6ರ ಮೂತ್ರವೂ ಸೇರಬೇಕು. ಮೂತಿ ಇರುವ ಪ್ಲಾಸ್ಟಿಕ್ ಜಗ್ ಒಂದನ್ನು ಇದಕ್ಕೇ ಇಟ್ಟುಕೊಂಡೆ. ಕಕ್ಕಸಿಗೆ ಕೂರುವ ಮುಂಚೆ ಮೂತ್ರ ಮಾತ್ರ ಜಗ್ಗಿಗೆ ಹಿಡಿಯುತ್ತಿದ್ದೆ, ಇಲ್ಲದಿದ್ದರೆ ಅದು ತಪ್ಪಿಹೋಗುತ್ತದೆ. ಕ್ಯಾನನ್ನು ಬಕೆಟ್‌ನಲ್ಲಿ ಐಸ್ ತುಂಬಿ ಅದರೊಳಗೆ ಇಟ್ಟೆ. ಬಚ್ಚಲ ಬಾಗಿಲಿಗೆ ಚೀಟಿ ಅಂಟಿಸಿದ್ದರಿಂದ ನಡುರಾತ್ರಿಯೂ ಮರೆಯಲಿಲ್ಲ.

ಈ ಸಲ ಕ್ರಿಯಾಟಿನಿನ್ 960. ಡಾಕ್ಟರ್ ತಲೆಯಾಡಿಸಿ ಮುಂದೆ ಓದಿದರು.

ಪ್ರೋಟೀನ್ 420 ಮಿಲಿಗ್ರಾಂ. 150ರ ಒಳಗಿರಬೇಕಿತ್ತು. ಯೂರಿಯಾ 15 ಗ್ರಾಂ. ಎರಡೂ ಒಂದೇ ವಿಷಯ ಅಂದುಕೊಂಡಿದ್ದೆ, ಅಲ್ಲ. ಮೂತ್ರದಲ್ಲಿ ಪ್ರೋಟೀನ್ ಹೆಚ್ಚು ಬಂದರೆ ಸಾಮಾನ್ಯವಾಗಿ ಕಿಡ್ನಿಯ ಜರಡಿ ಸೋರುತ್ತಿದೆ ಎಂದರ್ಥ. ಯೂರಿಯಾ ಹಾಗಲ್ಲ. ತಿಂದ ಪ್ರೋಟೀನ್ ಮೈಯಲ್ಲಿ ಒಡೆದಾಗ ಅದರ ಸಾರಜನಕವನ್ನು ಪಿತ್ತಜನಕಾಂಗ ಯೂರಿಯಾ ಮಾಡುತ್ತದೆ, ಕಿಡ್ನಿ ಹೊರಗೆ ಹಾಕುತ್ತದೆ. ಅಂದರೆ ಯೂರಿಯಾ ನನ್ನ ಊಟದ ಲೆಕ್ಕ.

ಆ ಲೆಕ್ಕವನ್ನು ಡಾಕ್ಟರ್ ಚೀಟಿಯ ಹಿಂದೆಯೇ ಮಾಡಿದರು. 15ನ್ನು 2.14ರಿಂದ ಭಾಗಿಸಿದರೆ ಯೂರಿಯಾದೊಳಗಿನ ಸಾರಜನಕ 7 ಗ್ರಾಂ. ಬೇರೆ ದಾರಿಯಲ್ಲಿ ಹೋಗುವ ಸಾರಜನಕಕ್ಕೆ ಕೆ.ಜಿ.ಗೆ 0.031 ಗ್ರಾಂನಂತೆ 1.86 ಸೇರಿಸಬೇಕು. ಒಟ್ಟು 8.86. ಪ್ರೋಟೀನ್‌ನಲ್ಲಿ ಸಾರಜನಕ ನೂರಕ್ಕೆ ಸುಮಾರು 16 ಪಾಲು ಇರುವುದರಿಂದ 6.25ರಿಂದ ಗುಣಿಸಿದರೆ ನಾನು ದಿನಕ್ಕೆ ತಿಂದ ಪ್ರೋಟೀನ್ 55 ಗ್ರಾಂ. ನನಗೆ ತಿನ್ನಲು ಹೇಳಿದ್ದು ಕೆ.ಜಿ.ಗೆ 0.8 ಗ್ರಾಂ, ಅಂದರೆ 48. ಜ್ವರ ಬಂದಿದ್ದರೆ, ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ ಮೈಯ ಮಾಂಸವೇ ಕರಗಿ ಯೂರಿಯಾ ಜಾಸ್ತಿಯಾಗುತ್ತದೆ, ಆಗ ಈ ಲೆಕ್ಕ ನಡೆಯುವುದಿಲ್ಲ. ನನಗೆ ಅವೆರಡೂ ಇರಲಿಲ್ಲ.

ಮಾಂಸ ತಿನ್ನಲ್ಲ, ಬೇಳೆಯೂ ಕಮ್ಮಿ ಮಾಡಿದ್ದೆ. 48ಕ್ಕಿಂತ ಹೆಚ್ಚಾದ ಈ 7 ಗ್ರಾಂ ಪ್ರೋಟೀನ್ ಎಲ್ಲಿಂದ ಬಂತು? ಮನೆಗೆ ಬಂದು ದಿನವಿಡೀ ತಿಂದದ್ದನ್ನು ಬರೆದೆ. ಸಂಜೆ ಕಾಫಿ ಜೊತೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ತೂಗಿದರೆ 30 ಗ್ರಾಂ, ಅದರಲ್ಲೇ ಹೆಚ್ಚುಕಡಿಮೆ 7 ಗ್ರಾಂ ಪ್ರೋಟೀನ್ ಇದೆ. ಬೇಳೆ, ಮೊಸರು ಇದ್ದಷ್ಟೇ ಇರಲಿ ಅಂತ ಕಡಲೆಕಾಯಿ ಬೀಜ ಮಾತ್ರ ಬಿಟ್ಟೆ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಜಗ್ ತೊಳೆದು ಬಚ್ಚಲ ಗೂಡಿನಲ್ಲಿ ಇಟ್ಟಿದ್ದೇನೆ.