ಅರ್ಧ ಲೋಟ ಟೀ

ನನಗೆ ಎರಡು ಕಾಯಿಲೆ. ಒಂದು ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉತ್ಸಾಹಕ್ಕೆ ಏರಿ, ಕೆಲವು ಕಾಲ ಖಿನ್ನತೆಗೆ ಇಳಿಯೋ ಕಾಯಿಲೆ. ಇನ್ನೊಂದು ಕುಡಿತ. ಮನೆಯವರಿಗೆ ಎರಡೂ ಒಂದೇ: "ಕುಡಿಯೋದು ಬಿಡು, ತಲೆ ತಾನಾಗೇ ಸರಿ ಹೋಗುತ್ತೆ." ಬಿಟ್ಟೆ. ತಲೆ ಸರಿ ಹೋಗಲಿಲ್ಲ.

ಮೊದಲ ಸಲ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವ ಗುಂಪು) ಮೀಟಿಂಗಿಗೆ ಹೋದಾಗ ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದೆ, ಎದ್ದು ಓಡೋದಕ್ಕೆ ಸುಲಭ ಅಂತ. ಎಲ್ಲರೂ ಹೆಸರು ಹೇಳಿ "ಆಲ್ಕೊಹಾಲಿಕ್" ಅಂದರು, ನಾನೂ ಅಂದೆ. ಇನ್ನೊಂದು ಕಾಯಿಲೆ ಬಗ್ಗೆ ಮಾತ್ರ ಏಳು ತಿಂಗಳು ಬಾಯಿ ಬಿಡಲಿಲ್ಲ. ಕುಡಿತ ಬಿಟ್ಟೆ ಅಂದರೆ ಚಪ್ಪಾಳೆ ತಟ್ಟುತ್ತಾರೆ, ತಲೆಗೆ ಮಾತ್ರೆ ತಗೋತೀನಿ ಅಂದರೆ?

ಗುಟ್ಟು ರಟ್ಟು ಮಾಡಿದ್ದು ನನ್ನ ಕೈ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತಗೊಂಡರೆ ಕೆಲವರಿಗೆ ಬೆರಳು ಸಣ್ಣಗೆ ನಡುಗುತ್ತದೆ, ನನಗೆ ಜಾಸ್ತಿ. ಟೀ ಹಂಚುವ ಕೆಲಸ ಬೇರೆ ನನ್ನದೇ. ಹೊಸಬರ ಕೈಯೂ ನಡುಗುತ್ತದೆ, ಆದರೆ ಕುಡಿತ ಬಿಟ್ಟ ನಡುಕ ಸಾಮಾನ್ಯವಾಗಿ ಕೆಲವು ದಿನದ್ದು, ನನ್ನದು ಹೋಗೋ ಲಕ್ಷಣವೇ ಇರಲಿಲ್ಲ. ಒಂದು ಸಂಜೆ ಟ್ರೇಯಲ್ಲಿ ಲೋಟಗಳು ಗಲಗಲ ಅಂದಾಗ ನನ್ನ ಸ್ಪಾನ್ಸರ್, ಅಂದರೆ ಗುಂಪಿನಲ್ಲಿ ನನಗೆ ದಾರಿ ತೋರಿಸುವ ಹಳಬರು, ಪಕ್ಕಕ್ಕೆ ಕರೆದರು. "ಮತ್ತೆ ಶುರು ಮಾಡಿದ್ಯೇನೋ?"

"ಇಲ್ಲಣ್ಣ, ಮಾತ್ರೆ" ಅಂದೆ. ಎಲ್ಲ ಹೇಳಿದೆ. ಮಾತ್ರೆಯೂ ಚಟ ತಾನೇ, ಅದನ್ನೂ ಬಿಟ್ಟರೇನೇ ಪೂರ್ತಿ ಬಿಟ್ಟ ಹಾಗೆ ಅಂತ ನಾನೇ ಲೆಕ್ಕ ಹಾಕಿಕೊಂಡಿದ್ದೆ, ಅದನ್ನೂ ಹೇಳಿದೆ.

ಸರಿಯಾಗಿ ಬೈದರು. "ನಾನು ಬಿಪಿ ಮಾತ್ರೆ ನುಂಗಲ್ವಾ? ಡಾಕ್ಟರನ್ನ ಕೇಳು. ಇಲ್ಲಿ ಯಾರೂ ಡಾಕ್ಟರ್ ಅಲ್ಲ." 1935ರಲ್ಲಿ ಎಎ ಶುರು ಮಾಡಿದ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್‌ಗೆ ಕುಡಿತ ಬಿಟ್ಟ ಮೇಲೂ ವರ್ಷಗಟ್ಟಲೆ ಖಿನ್ನತೆ ಇತ್ತಂತೆ, ಅದು ಗೊತ್ತಾಗಿದ್ದೂ ಅವತ್ತೇ.

ಮುಂದಿನ ವಾರ ಎಲ್ಲರ ಮುಂದೆ ಹೇಳಿದೆ. ಒಬ್ಬರು ಆಮೇಲೆ ನನ್ನ ಪಕ್ಕ ಕೂರೋದು ಬಿಟ್ಟರು, ಸುಳ್ಳು ಯಾಕೆ ಹೇಳಲಿ. ಉಳಿದವರು ನನ್ನ ಕಾಯಿಲೆ ಕಲಿತರು. ರಾತ್ರಿ ಒಂಬತ್ತಕ್ಕೆ ಮಾತ್ರೆ ತಗೊಂಡರೆ ಲಿಥಿಯಂ ಮಟ್ಟ ನೋಡಲು ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು, 12 ಗಂಟೆ ಅಂತರ. ಮೈಯಲ್ಲಿ ನೀರು ಕಮ್ಮಿಯಾದರೆ ಆ ಮಟ್ಟ ಏರುತ್ತದೆ, ಅದಕ್ಕೇ ಬೇಸಿಗೆಯಲ್ಲಿ ನನ್ನ ನೀರಿನ ಬಾಟಲಿ ಮೇಲೆ ಎಲ್ಲರ ಕಣ್ಣು. ಮೂರು ಗಂಟೆ ಮಲಗಿ "ಸೂಪರ್ ಆಗಿದೀನಿ" ಅಂದರೆ ಅದು ಬರೀ ಖುಷಿ ಅಲ್ಲ ಅಂತ ಇಬ್ಬರಿಗಾದರೂ ಗೊತ್ತು. ಎದುರಿಗೇ ನಿಂತು ಡಾಕ್ಟರಿಗೆ ಫೋನ್ ಮಾಡಿಸುತ್ತಾರೆ.

ಟೀ ಈಗಲೂ ನಾನೇ ಹಂಚೋದು. ಲೋಟಕ್ಕೆ ಅರ್ಧವೇ ಹಾಕುತ್ತೇನೆ, ಬೇಕಾದವರು ಇನ್ನೊಂದು ಸಲ ಕೇಳುತ್ತಾರೆ.